ಬಾಲಕಮಾನಿ ಅಂದರೆ ಸುರುಳಿ ಮಾತ್ರವೋ, ಚಕ್ರವೂ ಸೇರಿಯೋ?

ಗಡಿಯಾರ ರಿಪೇರಿ ಮಾಡುವವರ ಬಾಯಲ್ಲಿ ‘ಬಾಲಕಮಾನಿ’ ಅನ್ನೋ ಪದ ಕೇಳಿದವರು ಇಲ್ಲಿ ಯಾರಾದರೂ ಇದ್ದೀರಾ? ಗದಗಿನಲ್ಲಿದ್ದ ನಮ್ಮ ಅಜ್ಜನ ಲೆಕ್ಕದ ವಹಿಯಲ್ಲಿ ಸಿಕ್ಕಿತು. ‘ಕೈಗಡಿಯಾರಕ್ಕೆ ಬಾಲಕಮಾನಿ ಹಾಕಿಸಿದ್ದು’ ಅಂತ ಬರೆದು ಮುಂದೆ ಕೊಟ್ಟ ರೊಕ್ಕ ಬರೆದಿದ್ದಾರೆ, ಅಷ್ಟೇ.

ಆ ಗಡಿಯಾರ ಈಗ ಧಾರವಾಡದಲ್ಲಿ ನನ್ನ ಹತ್ತಿರ ಇದೆ. ಎಚ್‌ಎಂಟಿ ಜನತಾ. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡೋಕೆ ಶುರು ಮಾಡಿದ್ದು, ಜನತಾ ಆ ಹಳೇ ಕಾಲದಿಂದ ಬಂದ ಮಾದರಿ. ಡಯಲ್ ಮೇಲೆ ದೇವನಾಗರಿಯಲ್ಲಿ ‘ಜನತಾ’ ಅಂತ ಇದೆ, 17 ಜ್ಯುವೆಲ್ಸ್ ಅಂತಲೂ ಇದೆ. ಜ್ಯುವೆಲ್ಸ್ ಅಂದರೆ ಒಳಗಿನ ಗಾಲಿಗಳ ಅಚ್ಚು ಬೇಗ ಸವೆಯಬಾರದು ಅಂತ ಕೂರಿಸಿದ ಕೃತಕ ಮಾಣಿಕ್ಯದ ಕಲ್ಲುಗಳು.

ಪದಕ್ಕೆ ಬರ್ತೀನಿ. ‘ಬಾಲ’ ಅಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಪ್ರಾಣಿಯ ಬಾಲ ಅಂತಲೇ ತಿಳಿದರು. ಸುತ್ತಿಕೊಂಡ ಬಾಲದ ಹಾಗೆ ಕಾಣೋ ಸ್ಪ್ರಿಂಗ್ ಇರಬೇಕು ಅಂತ ನಮ್ಮ ಸೋದರಮಾವ ಅರ್ಥವನ್ನೂ ಹೇಳಿದರು. ಆದರೆ ಹುಬ್ಬಳ್ಳಿಯ ದುರ್ಗದಬೈಲ್ ಕಡೆ ರಿಪೇರಿಗೆ ಕೊಟ್ಟಾಗ ಅಲ್ಲಿನ ಹಿರಿಯರು ವಹಿ ನೋಡಿದ ಕೂಡಲೇ, “ಬಾಲ್ ಅಂದ್ರ ಕೂದಲಾ ರೀ, ಕೂದಲಿನಂಥಾ ಕಮಾನಿ” ಅಂದರು. ಇದೇ ಸರಿ. ಹಿಂದಿಯಲ್ಲೂ ಹೇರ್‌ಸ್ಪ್ರಿಂಗ್‌ಗೆ ಬಾಲಕಮಾನೀ ಅಂತಲೇ ಹೇಳುತ್ತಾರೆ. ಕಮಾನಿಯ ಬೇರು ಪಾರ್ಸಿಯ ‘ಕಮಾನ್’, ಅಂದರೆ ಬಿಲ್ಲು. ನಮ್ಮ ಬಾಗಿಲ ಕಮಾನು, ಕಮಾನು ಗಾಡಿ ಎಲ್ಲಾ ಅದರ ನೆಂಟರೇ.

ಹಿಂದಿನ ಮುಚ್ಚಳ ತೆಗೆದು ಕಣ್ಣಿಗೆ ಹಾಕೋ ಗ್ಲಾಸ್ ನನ್ನ ಕೈಗೇ ಕೊಟ್ಟರು. ಒಂದು ಸಣ್ಣ ಚಕ್ರ ಆ ಕಡೆ ಈ ಕಡೆ ಹೊಯ್ದಾಡ್ತಾ ಇತ್ತು. ಅದರ ನಡುವೆ ತೆಳ್ಳನೆಯ ಸುರುಳಿ, ಅದೇ ಹೇರ್‌ಸ್ಪ್ರಿಂಗ್, ಒಂದು ಸಲ ಹಿಗ್ಗುತ್ತದೆ, ಒಂದು ಸಲ ಕುಗ್ಗುತ್ತದೆ. ಈ ಮಷಿನ್ ತಾಸಿಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 5 ಸಲ. ವೇಳೆ ಸರಿಯಾಗಿ ನಡೆಯೋದು ಆ ಸುರುಳಿಯ ಮೇಲೆ. ಅದಕ್ಕೆ ಅಯಸ್ಕಾಂತದ ಗುಣ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ವಿಪರೀತ ಮುಂದೆ ಓಡುತ್ತದೆ.

ಈಗ ನನ್ನ ನಿಜವಾದ ಪ್ರಶ್ನೆ. ಈ ಸುರುಳಿ ಆ ಚಕ್ರಕ್ಕೆ ಹೊಂದಿಕೊಂಡೇ ಇರಬೇಕು, ಹಾಗಾಗಿ ಈಗೆಲ್ಲ ಹಾಳಾದರೆ ಚಕ್ರದ ಸಮೇತ ಇಡೀ ಜೋಡಿಯನ್ನೇ ಬದಲಿಸೋದು ಜಾಸ್ತಿ. ಹಳೇ ಕೈಗಳು ಸುರುಳಿಯೊಂದನ್ನೇ ಬಿಡಿಸಿ ಬೇರೆಯದು ಕೂರಿಸುತ್ತಿದ್ದದ್ದೂ ಉಂಟು. ಹಾಗಾದರೆ ಅಜ್ಜ ಬರೆದ ‘ಬಾಲಕಮಾನಿ’ ಯಾವುದು? ಸುರುಳಿ ಮಾತ್ರ ಅಂತಾದರೆ ಒಳಗಿನ ಚಕ್ರ ಮೊದಲಿನದೇ ಇರಬಹುದು. ಜೋಡಿಗೇ ಆ ಹೆಸರು ಅಂತಾದರೆ ಎರಡೂ ಆಮೇಲೆ ಬಂದವು. ನನಗೆ ಇದು ಮುಖ್ಯ, ಯಾಕಂದರೆ ಯಾವುದು ಮೊದಲಿನದು ಅಂತ ಗೊತ್ತಾಗದೆ ಯಾವುದನ್ನೂ ಬದಲಿಸೋಕೆ ನನಗೆ ಮನಸ್ಸಿಲ್ಲ. ಡಯಲ್ ಹಳದಿ ತಿರುಗಿದೆ. “ಹೊಸಾ ಡಯಲ್ ಹಾಕಲೇನ್ರಿ?” ಅಂತ ಅವರು ಕೇಳಿದರು, ಬೇಡ ಅಂದೆ. ಬಿಚ್ಚಿ ತೊಳೆದು ಎಣ್ಣೆ ಹಾಕಿ, ಗೀರು ಬಿದ್ದ ಗ್ಲಾಸ್ ಪಾಲಿಶ್ ಮಾಡಿದರೆ ಸಾಕು. ಮಾರುಕಟ್ಟೆಯಲ್ಲಿ ಬಣ್ಣಬಣ್ಣದ ಹೊಸ ಡಯಲ್ ಹೊತ್ತ ಜನತಾಗಳು ಬೇಕಾದಷ್ಟಿವೆ, ಇದು ಹಾಗಾಗೋದು ನನಗೆ ಬೇಡ.

ಜೊತೆಗೆ ಇನ್ನೊಂದು ಕೇಳ್ತೀನಿ. ನಾವು ಗಡಿಯಾರಕ್ಕೆ ‘ಚಾವಿ ಕೊಡೋದು’ ಅಂತೀವಿ, ತಿರುವೋ ಗುಂಡಿಗೂ ಚಾವಿ ಅಂತಲೇ ಹೆಸರು. ಚಾವಿ ಪೋರ್ಚುಗೀಸರಿಂದ ಬಂದ ಪದ. ಹಿಂದೆ ಜೇಬುಗಡಿಯಾರಗಳಿಗೆ ನಿಜವಾಗಲೂ ಬೇರೆ ಚಾವಿ ಇರುತ್ತಿತ್ತು, ಅದು ಹೋದರೂ ಮಾತು ಉಳಿದಿದೆ. ಹಾವೇರಿ, ರಾಣೆಬೆನ್ನೂರು ಕಡೆಯವರು ಇದಕ್ಕೆ ಏನಂತೀರಿ, ಚಾವಿನೋ ಕೀಲಿನೋ?

ನಿಮ್ಮ ಮನೆಯ ಹಿರಿಯರಲ್ಲಿ ಗಡಿಯಾರ ರಿಪೇರಿ ಮಾಡಿದವರಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಬಾಲಕಮಾನಿ ಬದಲಿಸಿದೆ ಅಂದರೆ ಅವರು ಏನನ್ನು ಬಿಚ್ಚಿ ಏನನ್ನು ಹಾಕುತ್ತಿದ್ದರು, ಚಕ್ರಕ್ಕೆ ಬೇರೆ ಹೆಸರಿತ್ತಾ, ಅಷ್ಟು ತಿಳಿದರೆ ಸಾಕು.