ಬೀಚಿಗೆ ಬರುವ ಡಾಂಬರು ಉಂಡೆ ಎಲ್ಲಿಯದು ಅಂತ ಲ್ಯಾಬ್‌ನಲ್ಲಿ ಗೊತ್ತಾಗುತ್ತಾ?

ಕುಂದಾಪುರದ_ಕಡಲು:
ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಬೀಚಿನಲ್ಲಿ ಕಪ್ಪು ಅಂಟು ಉಂಡೆಗಳು ಬಂದು ಬೀಳುತ್ತವೆ. ನಿನ್ನೆ ಮಗಳ ಪಾದಕ್ಕೆ ಮೆತ್ತಿತ್ತು. ತೆಂಗಿನೆಣ್ಣೆ ಹಚ್ಚಿ ಅರ್ಧ ಗಂಟೆ ಉಜ್ಜಿದೆ. ಒಬ್ಬರು ಮುಂಬೈ ಕಡಲಿನ ಬಾಂಬೆ ಹೈ ತೈಲಬಾವಿಗಳ ಎಣ್ಣೆ ಅಂತಾರೆ, ಇನ್ನೊಬ್ಬರು ಟ್ಯಾಂಕರ್ ತೊಳೆದ ಕೊಳೆ ಅಂತಾರೆ. ಎರಡು ಉಂಡೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದೇನೆ. ಪತ್ತೆ ಆಗುತ್ತಾ?

ಪೀಕ್_ನೋಡುವವ:
ಮೊದಲು ಕವರಿನಿಂದ ತೆಗೀರಿ ಮಾರಾಯ್ರೆ! ಪ್ಲಾಸ್ಟಿಕ್ಕಿನ ರಾಸಾಯನಿಕವೂ ಉಂಡೆಗೆ ಸೇರಿಕೊಳ್ಳುತ್ತದೆ. ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ.

ನಾನು ಹನ್ನೊಂದು ವರ್ಷ ಜಿಸಿ-ಎಂಎಸ್ ಮೆಷೀನ್ ಮುಂದೆ ಕೂತವನು, ಅಂದರೆ ಎಣ್ಣೆಯಲ್ಲಿನ ಅಣುಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ. ಕಡಲೆಕಾಳಿನಷ್ಟು ಚೂರು ಸಾಕು. ಅದನ್ನು ದ್ರಾವಕದಲ್ಲಿ ಕರಗಿಸಿ, ಬಳೆಯ ಹಾಗೆ ಸುತ್ತಿಟ್ಟ 30 ಮೀಟರ್ ಉದ್ದದ ಸಪೂರ ಕೊಳವೆಗೆ ಬಿಡುತ್ತೇವೆ. ಹಗುರದ್ದು ಮೊದಲು ಹೊರಬರುತ್ತದೆ, ಭಾರದ್ದು ಆಮೇಲೆ. ಹೊರಬಂದದ್ದೆಲ್ಲ ಗ್ರಾಫಿನಲ್ಲಿ ಚೂಪು ಹಲ್ಲಿನ ಹಾಗೆ ಮೂಡುತ್ತದೆ, ಅದಕ್ಕೆ ಪೀಕ್ ಅಂತೇವೆ. ತಾಜಾ ಕಚ್ಚಾ ತೈಲದ ಗ್ರಾಫ್ ಬಾಚಣಿಗೆ ಹಲ್ಲಿನ ಹಾಗಿರುತ್ತದೆ. ಕಡಲಲ್ಲಿ ಬಹಳ ದಿನ ತೇಲಿದ್ದರೆ ಹಲ್ಲು ಉದುರಿ ಬರೀ ಗುಡ್ಡ. ಸ್ವಲ್ಪ ಆವಿಯಾಗಿರುತ್ತದೆ, ಸ್ವಲ್ಪ ಬ್ಯಾಕ್ಟೀರಿಯಾ ತಿಂದಿರುತ್ತದೆ.

ಆದರೆ ಹೋಪೇನ್ ಅನ್ನುವ ಅಣುಗಳು ಸುಲಭಕ್ಕೆ ಹಾಳಾಗುವುದಿಲ್ಲ. ಕೋಟ್ಯಂತರ ವರ್ಷದ ಹಿಂದಿನ ಬ್ಯಾಕ್ಟೀರಿಯಾಗಳ ಕುರುಹು ಅವು. ಯಾವುದು ಎಷ್ಟಿದೆ ಅನ್ನುವ ಪ್ರಮಾಣ ಒಂದೊಂದು ಎಣ್ಣೆಯಲ್ಲಿ ಒಂದೊಂದು ಥರ. ಇನ್ನೊಂದು ಓಲಿಯನೇನ್. ಅದು ಹೂ ಬಿಡುವ ಗಿಡಗಳಿಂದ ಬಂದದ್ದು. ಬಾಂಬೆ ಹೈ ಎಣ್ಣೆಯಲ್ಲಿ ಸಿಗುತ್ತದೆ, ಟ್ಯಾಂಕರ್‌ಗಳಲ್ಲಿ ಬರುವ ಕೊಲ್ಲಿ ದೇಶಗಳ ಹಳೇ ಸುಣ್ಣಕಲ್ಲಿನ ಎಣ್ಣೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಊರಿನ ಜಗಳಕ್ಕೆ ಇದೇ ಒಳ್ಳೇ ಸಾಕ್ಷಿ.

ಬೋಟ್_ಭಂಡಾರಿ:
ನಮ್ಮ ಬೋಟಿನವರ ಮೇಲೂ ಆಪಾದನೆ ಬರುತ್ತೆ, ಡೀಸೆಲ್ ಚೆಲ್ಲುತ್ತೀರಿ ಅಂತ. ಅದನ್ನೂ ಹೇಳಿ ಸಾರ್.

ಪೀಕ್_ನೋಡುವವ:
ಡೀಸೆಲ್ ಗಟ್ಟಿ ಉಂಡೆ ಕಟ್ಟುವುದಿಲ್ಲ, ಅದರಲ್ಲಿ ಹೋಪೇನ್ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಸುಮ್ನೆ ಖುಷಿಪಡಬೇಡಿ, ಇಂಜಿನ್ ಆಯಿಲ್‌ನಲ್ಲಿ ಇರುತ್ತೆ!

ಕುಂದಾಪುರದ_ಕಡಲು:
ಹಾಗಾದರೆ ಹಡಗಿನ ಹೆಸರೇ ಹೇಳಬಹುದಲ್ವಾ?

ಪೀಕ್_ನೋಡುವವ:
ಇಲ್ಲ. ಹೋಲಿಸಿ ನೋಡಲು ಆ ಹಡಗಿನ ಟ್ಯಾಂಕಿನ ಎಣ್ಣೆಯೂ ಬೇಕು. 'ಇದು ಅದಲ್ಲ' ಅಂತ ಹೇಳುವುದು ಸುಲಭ, 'ಇದೇ ಅದು' ಅನ್ನುವುದು ಕಷ್ಟ. ಅಲಾಸ್ಕಾದಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಎಣ್ಣೆ ಚೆಲ್ಲಿತಲ್ಲ, ಆಮೇಲೆ ಅದೇ ತೀರದ ಕೆಲವು ಉಂಡೆ ಪರೀಕ್ಷಿಸಿದರೆ ಅದು ಕ್ಯಾಲಿಫೋರ್ನಿಯಾದ ಎಣ್ಣೆ! 1964ರ ಭೂಕಂಪದಲ್ಲಿ ಒಡೆದ ಟ್ಯಾಂಕುಗಳದ್ದು ಅಂತ ವಿಜ್ಞಾನಿಗಳು ತೀರ್ಮಾನಿಸಿದರು. ಆ ಹಡಗಿನ ಎಣ್ಣೆ ಕೈಯಲ್ಲಿದ್ದದ್ದಕ್ಕೆ ಇಷ್ಟು ಗೊತ್ತಾಯಿತು.

ಕುಂದಾಪುರದ_ಕಡಲು:
ಸರಿ. ಉಪ್ಪಿನಕಾಯಿ ಬಾಟಲಿ ಖಾಲಿ ಇದೆ, ಆಗುತ್ತಾ?

ಪೀಕ್_ನೋಡುವವ:
ಸೋಪು ಹಾಕಿ ಎರಡು ಸಲ ತೊಳೆದು, ಒಣಗಿಸಿ. ಇಲ್ಲಾಂದ್ರೆ ಒಗ್ಗರಣೆ ಎಣ್ಣೆಯ ಪೀಕ್ ಬಂದು ನನಗೆ ತಲೆ ಕೆಡುತ್ತೆ. ಮುಚ್ಚಳದ ಒಳಗೆ ಅಲ್ಯುಮಿನಿಯಂ ಫಾಯಿಲ್ ಹಾಕಿ.