ಹದಿಮೂರು ತಿಂಗಳ ವರ್ಷ

ಕುಮಟೆಯಲ್ಲಿ ಜುಲೈ ಮಳೆ ಹಿಡಿದರೆ ಎಲ್ಲಿ ನಿಂತಿರುತ್ತೇವೋ ಅಲ್ಲೇ ಠಿಕಾಣಿ. ಮೊನ್ನೆ ನಮಗೆ ಸಿಕ್ಕಿದ್ದು ಮಾಸ್ತಿಕಟ್ಟೆ ಹತ್ತಿರದ ಟೇಲರಕ್ಕನ ಅಂಗಡಿಯ ಜಗಲಿ. ದೇವಿಮನೆ ಘಟ್ಟದ ಮೇಲೆ ಮೂವತ್ತು ವರ್ಷ ಶಾಲೆ ಕಲಿಸಿ ಇಳಿದು ಬಂದ ಮಾಸ್ತರ್ರು, ತದಡಿಯಲ್ಲಿ ಬೋಟು ನಡೆಸುವ ತಾಂಡೇಲ, ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವ ನಾನು. ಟೇಲರಕ್ಕ ಒಳಗೆ ಮಷಿನ್ ತುಳಿಯುತ್ತಿದ್ದರೂ ಕಿವಿ ಹೊರಗೇ ಇಟ್ಟಿದ್ದಳು.

ಶುರು ಮಾಡಿದ್ದು ತಾಂಡೇಲ. ಫೋನ್ ತೆಗೆದು ನೋಡಿ, ಮತ್ತೆ ಕಿಸೆಗೆ ಹಾಕಿ, "ಮುಗೀತಲ್ಲಾ ಮಾರಾಯಾ" ಅಂದ.

"ಯಾರು?" ಮಾಸ್ತರ್ರು ಗಾಬರಿಯಾದರು.

"ರೀಚಾರ್ಜು. ಮೊನ್ನೆ ಮೊನ್ನೆ ಹಾಕ್ಸಿದ್ದೆ."

"ಇಪ್ಪತ್ತೆಂಟು ದಿನ ಆಗಿರ್ತದೆ."

"ಅದೇ ನಾ ಕೇಳೂದು, ಇದು ಯಾವ ಊರಿನ ತಿಂಗಳು? ನಮ್ಗೆ ಸಮುದ್ರದ ಮೇಲೆ ತಿಂಗಳು ಅಂದ್ರೆ ಚಂದ್ರ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಚಂದ್ರನೂ ಇಷ್ಟು ಗಡಿಬಿಡಿ ಮಾಡೂದಿಲ್ಲ."

ಲೆಕ್ಕದ ಮಾತು ಬಂದ ಮೇಲೆ ನಾನು ಸುಮ್ಮನಿರುವುದು ಹೇಗೆ? ಟೇಲರಕ್ಕನ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ, ಯಾರದೋ ಸೊಂಟದ ಸುತ್ತಳತೆಯ ಕೆಳಗೆ ಬರೆದೆ. ಇಪ್ಪತ್ತೆಂಟು ಹದಿಮೂರಲೆ 364. ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು. 299 ರೂಪಾಯಿಯ ಪ್ಲಾನಿಗೆ 3588 ಅಲ್ಲ, 3887.

"ಅಧಿಕಮಾಸ!" ಮಾಸ್ತರ್ರು ತೊಡೆ ತಟ್ಟಿದರು. "ಪಂಚಾಂಗದವರು ಎರಡೂವರೆ ಮೂರು ವರ್ಷಕ್ಕೊಮ್ಮೆ ಇಡೋದನ್ನ ಕಂಪನಿಯವರು ವರ್ಷಾ ವರ್ಷಾ ಇಟ್ಟಿದ್ದಾರೆ."

"ಅಧಿಕಮಾಸದಲ್ಲಿ ಅಳಿಯಂಗೆ ಮೂವತ್ಮೂರು ಅಪ್ಪ ಆದ್ರೂ ಸಿಗ್ತದೆ," ಟೇಲರಕ್ಕ ಒಳಗಿಂದಲೇ ಅಂದಳು. "ಇಲ್ಲಿ ಅಳಿಯನೂ ನಾವೇ, ಅಪ್ಪ ಕರಿಯೋರೂ ನಾವೇ, ತಿಂಬೋರು ಮಾತ್ರ ಬೇರೆ."

ಫೋನು, ಟೀವಿ ಕಂಪನಿಗಳಿಗೆ ನಿಯಮ ಹಾಕುವ ಟ್ರಾಯ್‌ನವರು 2022ರಲ್ಲೇ ಪ್ರತಿ ಕಂಪನಿಯೂ ಮೂವತ್ತು ದಿನದ್ದೊಂದು ಪ್ಲಾನ್ ಇಡಲೇಬೇಕು ಅಂತ ಹೇಳಿದ್ದಾರೆ ಎಂದೆ. ಮೂವರೂ ನನ್ನನ್ನು, ಊಟಕ್ಕೆ ಕರೆದು ಎಲೆ ಹಾಕದವನನ್ನು ನೋಡಿದ ಹಾಗೆ ನೋಡಿದರು. ಅಂಗಡಿಯವ ಯಾವತ್ತಾದರೂ ಅದರ ಸುದ್ದಿ ಎತ್ತಿದ್ದಾನಾ? ನಾವು ಕೇಳಿದ್ದೇವಾ? "ಯಾವಾಗ್ಲೂ ಹಾಕೋದೇ ಹಾಕು" ಅನ್ನುವುದು ನಮ್ಮ ಬಾಯಲ್ಲೇ ಬರುವ ಮಾತು.

ಅಲ್ಲಿಂದ ಮಾತು ಕೇಬಲ್ಲಿಗೆ ಹಾರಿತು. ಕೇಬಲ್ ವಿಷಯದಲ್ಲಿ ತಾಂಡೇಲನ ಕಥೆ ನಿಜಕ್ಕೂ ಕರುಳು ಕಿವುಚುವಂಥದ್ದು. ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ಬಂದ್.

"ಹತ್ತು ತಿಂಗಳು ನಾ ನೀರ ಮೇಲೆ. ಕೇಬಲ್ಲಿಗೆ ದುಡ್ಡು ಕಟ್ತೆ, ಟೀವಿ ಮುಖ ನೋಡೂದಿಲ್ಲ. ಈ ಎರಡು ತಿಂಗಳು ಮನೇಲಿ ಕೂತು ಬೆಳಿಗ್ಗೆಯಿಂದ ರಾತ್ರಿ ತನ್ಕ ನೋಡ್ತೆ, ಕಟ್ಟೂಕೆ ದುಡ್ಡಿಲ್ಲ. ಇದಕ್ಕೆ ಎಂತ ಪ್ಲಾನ್ ಅದೆ ಹೇಳಿ."

ಯಾರ ಹತ್ತಿರವೂ ಇರಲಿಲ್ಲ.

"ಬಿಡಿಸಿ ಬಿಸಾಕು," ಮಾಸ್ತರ್ರು ಅಂದರು. "ನಾನು ಕೇಬಲ್ ಕೀಳ್ಸಿ ವರ್ಷ ಆಯ್ತು. ಮನಸ್ಸು ಎಷ್ಟು ಹಗುರ ಗೊತ್ತಾ? ಸಂಜೆ ವಿಷ್ಣು ಸಹಸ್ರನಾಮ, ರಾತ್ರಿ ಒಂದು ಪುಸ್ತಕ, ನಿದ್ರೆ."

ಮಾಸ್ತರ್ರ ಈ ಹಗುರವನ್ನು ನಾವು ವರ್ಷದಿಂದ ಹೊತ್ತುಕೊಂಡೇ ತಿರುಗುತ್ತಿದ್ದೇವೆ.

ನನ್ನ ಅನುಭವ ಬೇರೆ. 2019ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂತಲ್ಲ, ಬೇಕಾದ ಚಾನೆಲ್ಲಿಗಷ್ಟೇ ದುಡ್ಡು ಕೊಡಿ ಅಂತ, ಆಗ ನಾನು ಕುಣಿದಾಡಿದ್ದೆ. ಮೊದಲು ನೂರು ಚಾನೆಲ್ಲಿಗೆ ಹೆಚ್ಚೆಂದರೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಆಮೇಲೆ ಅದೇ ದುಡ್ಡಿಗೆ ನೂರು ಚಾನೆಲ್ ಇದ್ದದ್ದು ಇನ್ನೂರಾಯಿತು. ಇಷ್ಟಕ್ಕೆ ಸಿಕ್ಕಿದ್ದು ಕೊಳವೆ, ಅಂದರೆ ಚಾನೆಲ್ಲನ್ನು ಮನೆಗೆ ತರುವ ಸಂಪರ್ಕ, ಮಾತ್ರ. ನೀರಿಗೆ, ಅಂದರೆ ದುಡ್ಡಿನ ಚಾನೆಲ್ಲಿಗೆ, ಬೇರೆ ಲೆಕ್ಕ. ನಮ್ಮಲ್ಲಿ ಒಂದು ಫಾರಂ ಬಂತು. ನಾನು ಅದನ್ನು ಮತಪತ್ರದ ಹಾಗೆ ಮನೆಯಲ್ಲಿ ಸುತ್ತಾಡಿಸಿದೆ. ಅತ್ತೆ ಭಕ್ತಿಯವು ಎಷ್ಟಿವೆಯೋ ಅಷ್ಟಕ್ಕೂ ಗುರುತು ಹಾಕಿದರು. ಬಿಟ್ಟರೆ ದೇವರಿಗೆ ಸಿಟ್ಟು. ಹೆಂಡತಿಗೆ ಧಾರಾವಾಹಿಯ ಮೂರು ಚಾನೆಲ್. ಮಗನಿಗೆ ಕಾರ್ಟೂನು, ಕ್ರಿಕೆಟ್ಟು. ನಾನು ತ್ಯಾಗಿ, ಒಂದೇ ಒಂದು ಸುದ್ದಿ ಚಾನೆಲ್ ಬರೆದೆ. ಒಟ್ಟು ಮಾಡಿದಾಗ ಹಳೇ ಬಿಲ್ಲಿಗಿಂತ ಜಾಸ್ತಿ. ಕೇಬಲ್ಲಿನವ ನಕ್ಕು, "ಇದ್ಕಿಂತ ಪ್ಯಾಕೇಜೇ ಅಗ್ಗ ಬೀಳ್ತದೆ" ಅಂದ. ಹೌದು, ಬಿತ್ತು. ಮನೆಯಲ್ಲಿ ಯಾರಿಗೂ ಬೇಡದ ಚಾನೆಲ್ಲುಗಳ ಸಮೇತ ಬಿತ್ತು.

"ಅದು ಮೀನಿನ ಪಾಲು," ತಾಂಡೇಲ ಬಿಡಿಸಿ ಹೇಳಿದ. "ಮೇಲೆ ಕಾಣೂ ಹಂಗೆ ನಾಲ್ಕು ದಪ್ಪ ಬಂಗಡೆ ಇಡೂದು. ಅಡಿಗೆ ಮುಳ್ಳಿನ ಪುಡಿಮೀನು. ಬಂಗಡೆ ಮಾತ್ರ ಬೇಕು ಅಂದ್ರೆ ಒಂದೊಂದಕ್ಕೂ ರೇಟು ಬೇರೆ. ನಮ್ಮ ಹೆಂಗಸ್ರು ನೂರು ವರ್ಷದಿಂದ ಮಾಡೂ ವ್ಯಾಪಾರ. ಇವ್ರು ಅದನ್ನ ಕಲ್ತಿದ್ದು ಈಗ."

"ಹೆಂಗಸ್ರು ಚೌಕಾಸಿಗೆ ಬಿಡ್ತಾರಲ್ಲ," ಅಂದಳು ಟೇಲರಕ್ಕ. "ಎರಡು ಜಾಸ್ತಿ ಹಾಕು ಅಂದ್ರೆ ಬೈದಾದ್ರೂ ಹಾಕ್ತಾರೆ."

2024ರ ಜುಲೈಯನ್ನು ಆಮೇಲೆ ಎಲ್ಲರೂ ಸೇರಿ ಶಪಿಸಿದೆವು. ಆ ತಿಂಗಳ ಶುರುವಿನಲ್ಲೇ ಮೊಬೈಲ್ ದರ ಏರಿ 239ರ ಪ್ಲಾನು 299 ಆಯಿತು. ಅದೇ ತಿಂಗಳು, ಕೊಳವೆಯ ದುಡ್ಡಿಗೆ ಇದ್ದ ಮಿತಿಯನ್ನೂ ಟ್ರಾಯ್ ತೆಗೆಯಿತು. ನನ್ನ ಪಗಾರಕ್ಕೆ ಮಾತ್ರ ಆ ತಿಂಗಳು ಯಾರೂ ಏನೂ ತೆಗೆಯಲಿಲ್ಲ, ಹಾಕಲೂ ಇಲ್ಲ.

"ಡಿಡಿ ಫ್ರೀ ಡಿಶ್ ಹಾಕ್ಸಿ," ಮಾಸ್ತರ್ರು ಕಲಿಸುವ ದನಿಗೆ ಬಂದರು. "ಸರ್ಕಾರದ್ದು. ಒಮ್ಮೆ ತಟ್ಟೆ, ಪೆಟ್ಟಿಗೆ ತಗೊಂಡ್ರೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರ್ತದೆ. ಇನ್ನೇನು ಬೇಕು?"

"ಹಾಕ್ಸಿದ್ದೆ ಮಾಸ್ತರ್ರೇ. ಚಲೋ ಬತ್ತದೆ. ಆದ್ರೆ ದೊಡ್ಡ ಮಳೆ ಹೊಯ್ದ್ರೆ ಪರದೆ ಚೌಕ ಚೌಕ ಆಗಿ ಕಡಿಗೆ ಕಪ್ಪು. ಆ ಸಣ್ಣ ಅಲೆಯ ಸಿಗ್ನಲ್ಲು ಮಳೆಹನಿಯಲ್ಲೇ ಕರಗಿ ಹೋಗ್ತದಂತೆ." ತಾಂಡೇಲ ಹೊರಗೆ ಸುರಿಯುವುದನ್ನು ಕೈ ಮಾಡಿ ತೋರಿಸಿದ. "ನಾ ಮನೇಲಿರೂದೇ ಈ ಎರಡು ತಿಂಗಳು."

ಮಷಿನ್ ಸದ್ದು ನಿಂತಿತು. ಟೇಲರಕ್ಕ ಗಾಜಿನ ಲೋಟಗಳಲ್ಲಿ ಕಷಾಯ ತಂದಿಟ್ಟಳು. ಅವಳ ಉಳಿತಾಯ ಯೋಜನೆ ನಮ್ಮೆಲ್ಲರದಕ್ಕಿಂತ ಮುಂದೆ ಹೋಗಿತ್ತು. ಪಕ್ಕದ ಮನೆಯವರೂ ಇವಳೂ ಸೇರಿ ಒಂದು ಫೈಬರ್ ಇಂಟರ್‌ನೆಟ್ ಹಾಕಿಸಿದ್ದರು. ಜಾಹೀರಾತಿನಲ್ಲಿ 399, ಬಿಲ್ಲಿನಲ್ಲಿ 470 ರೂಪಾಯಿ 82 ಪೈಸೆ. ಅರ್ಧ ಅರ್ಧ. ಪೆಟ್ಟಿಗೆ ಅವರ ಮನೆಯಲ್ಲಿ, ಪಾಸ್‌ವರ್ಡ್ ಇವಳಿಗೆ ಬಾಯಿಪಾಠ.

"ಚಲೋ ಇತ್ತು. ಆ ಹಲಸಿನ ಮರ ಇಲ್ದಿದ್ರೆ ಇನ್ನೂ ಇರ್ತಿತ್ತು."

"ಮರ ವೈರಿನ ಮೇಲೆ ಬಿತ್ತಾ?"

"ಮರ ಬೀಳ್ಲಿಲ್ಲ, ಹಣ್ಣು ಬಿತ್ತು. ಅವ್ರ ಮರ, ನಮ್ಮ ಅಂಗಳ. ನಾ ಕೊಯ್ದು ತೊಳೆ ಬಿಡ್ಸೂ ಹೊತ್ತಿಗೆ ಫೋನಲ್ಲಿ ವಿಡಿಯೋ ಗರಗರ ತಿರುಗೂಕೆ ಶುರು. ಪಾಸ್‌ವರ್ಡ್ ಬದಲು. ಆಮೇಲೆ ಅರ್ಧ ಹಣ್ಣು ತಗೊಂಡು ಹೋಗಿ ಕೊಟ್ಟೆ."

"ಹೊಸ ಪಾಸ್‌ವರ್ಡ್ ಕೊಟ್ರಾ?"

"ಅರ್ಧ."

ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವಳು ತನ್ನ ಅಮ್ಮನ ಗುಂಡಿ ಫೋನಿಗೆ ಮಾಡಿದ್ದು ನಿಜವಾದ ಜಾಣತನ. ಫೋನು ಬಂದರೆ ಎತ್ತಲಿಕ್ಕಷ್ಟೇ ಗೊತ್ತಿರುವ ಆ ಮುದುಕಿಗೆ ದಿನಾ ಒಂದೂವರೆ ಜಿಬಿ ಡೇಟಾ ಬರುತ್ತಿತ್ತು, ನಡುರಾತ್ರಿ ಹನ್ನೆರಡಕ್ಕೆ ಸಾಯುತ್ತಿತ್ತು. ಮಾತು, ಮೆಸೇಜಿಗಷ್ಟೇ ಪ್ಯಾಕ್ ಇಡಬೇಕು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿದ್ದು ಪೇಪರಿನಲ್ಲಿ ಬಂದಿತ್ತಲ್ಲ, ಆ ತುಂಡನ್ನು ಕತ್ತರಿಸಿಟ್ಟುಕೊಂಡಿದ್ದಳು. ಅದನ್ನೇ ಅಂಗಡಿಯವನ ಮೂಗಿನ ಮುಂದೆ ಹಿಡಿದು ಹಾಕಿಸಿದಳಂತೆ. ಬಟ್ಟೆಯಲ್ಲಿ ಅರ್ಧ ಗೇಣು ಉಳಿಸುವವರಿಗೆ ಈ ಕಣ್ಣು ಇರುತ್ತದೆ.

"ಉಳಿದ ದುಡ್ಡಲ್ಲಿ ಎಂತ ಮಾಡ್ದೆ?" ಕೇಳಿದ ತಾಂಡೇಲ.

"ಧಾರಾವಾಹಿ ಚಾನೆಲ್ಲಿನ ಪ್ಯಾಕ್ ಹಾಕ್ಸ್ಕಂಡೆ. ನಿನ್ನೆ ನೋಡ್ಬೇಕಿತ್ತು, ಆ ಸಣ್ಣ ಸೊಸೆ ಪಾಯಸಕ್ಕೆ ವಿಷ ಹಾಕಿ..."

"ಪಾಯಸಕ್ಕಲ್ಲ, ಕಷಾಯಕ್ಕೆ," ಅಂದರು ಮಾಸ್ತರ್ರು.

ಎಲ್ಲರೂ ಕೈಯಲ್ಲಿದ್ದ ಲೋಟ ಒಮ್ಮೆ ನೋಡಿಕೊಂಡೆವು. ಆಮೇಲೆ ಮಾಸ್ತರ್ರನ್ನು.

"ಅಲ್ಲ, ಫೋನಲ್ಲಿ ತುಂಡು ವಿಡಿಯೋ ಬಂದಿತ್ತು. ಯಾರೋ ಕಳ್ಸಿದ್ರು," ಮಾಸ್ತರ್ರು ಕಷಾಯ ಊದಿ ಊದಿ ಕುಡಿದರು.

ಅಷ್ಟರಲ್ಲಿ ಬೈಕಿನ ಸದ್ದು. ಕೇಬಲ್ ವಸೂಲಿಯ ಹುಡುಗ, ರೇನ್‌ಕೋಟಿನ ಒಳಗೂ ಹೊರಗೂ ಸಮ ಒದ್ದೆ, ಜಗಲಿಗೆ ಹಾರಿ ನಿಂತ. ನಮ್ಮ ಮಾತು ಬಂದ್. ತಾಂಡೇಲ ಮಾಡಿನ ಹಂಚು ಎಣಿಸತೊಡಗಿದ. ನಾನು ಅಳತೆ ಪುಸ್ತಕದಲ್ಲಿ ಯಾರದೋ ತೋಳಿನುದ್ದ ಓದತೊಡಗಿದೆ.

ಹುಡುಗ ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ. ಫೋನ್ ಒರೆಸಿಕೊಂಡು, "ಯಾರಾದ್ರೂ ಸ್ವಲ್ಪ ಹಾಟ್‌ಸ್ಪಾಟ್ ಹಾಕ್ತ್ರಾ? ನಂದು ರೀಚಾರ್ಜ್ ನಿನ್ನೆಗೇ ಮುಗೀತು. ತಿಂಗಳಾಗೂಕೆ ಎರಡು ದಿನ ಬಾಕಿ ಅದೆ ಅಂದ್ಕಂಡಿದ್ದೆ," ಅಂದ.

ನಾವು ನಕ್ಕಿದ್ದು ಯಾಕೆಂದು ಪಾಪ ಅವನಿಗೆ ತಿಳಿಯಲಿಲ್ಲ. ಮಾಸ್ತರ್ರಿಗೆ ಮಾತ್ರ ಕರುಣೆ ಉಕ್ಕಿತು, ಶಾಲೆಯ ಮಕ್ಕಳ ನೆನಪಾಯಿತೋ ಏನೋ. ಘಟ್ಟದ ಮೇಲೆ ಲಾಕ್‌ಡೌನಿನಲ್ಲಿ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಕೊಡೆ ಹಿಡಿದು ಕೂರುತ್ತಿದ್ದದ್ದನ್ನು ಅವರು ಆಗಾಗ ಹೇಳುತ್ತಾರೆ. "ತಗೋ ತಮಾ," ಎಂದು ಹಾಟ್‌ಸ್ಪಾಟ್ ಹಾಕಿ ಕೊಟ್ಟರು.

ಹುಡುಗನ ಆ್ಯಪ್ ತೆರೆದುಕೊಂಡಿತು. ಅವನು ಪಟ್ಟಿ ಮೇಲೆ ಕೆಳಗೆ ಮಾಡಿದ, ಮುಖ ಅರಳಿತು.

"ಹೋ, ಮಾಸ್ತರ್ರೇ, ನೀವು ಇಲ್ಲೇ ಸಿಕ್ಕಿದ್ದು ಚಲೋ ಆಯ್ತು. ಮೊನ್ನೆ ಮನೆ ಹತ್ರ ಹೋದ್ರೆ ಅಕ್ಕೋರು ನಿಮ್ಮನ್ನೇ ಕೇಳು ಅಂದ್ರು. ನಿಮ್ದು ಎರಡು ತಿಂಗಳದ್ದು ಬಾಕಿ ಅದೆ."

ಮಳೆ ಜೋರಾಯಿತು. ಟೇಲರಕ್ಕ ಮಾಸ್ತರ್ರ ಲೋಟಕ್ಕೆ ಇನ್ನಷ್ಟು ಕಷಾಯ ಬಗ್ಗಿಸಿದಳು.