ಹಳೇ ಮೆಟಾಡೋರ್‌ನ ಮನೆಮಂದಿಯೆಲ್ಲ ಸೇರಿ ಕ್ಯಾಂಪರ್ ಮಾಡ್ಬೇಕು, ಮಾಡಿದವ್ರು ಹೇಳ್ರಿ

ದಾವಣಗೆರೆಯಿಂದ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪಾರು ಮನೆಮಂದಿನೆಲ್ಲ ಉಕ್ಕಡಗಾತ್ರಿ, ನಾಯಕನಹಟ್ಟಿ ಜಾತ್ರೆಗೆ ಕರ್ಕಂಡು ಹೋಗ್ತಿದ್ದ 1991ರ ಮೆಟಾಡೋರ್ ಹಿತ್ಲಲ್ಲಿ ನಿಂತೈತೆ. ಅವ್ರು ಹೋದ್ಮೇಲೆ ಗುಜರಿಗೆ ಕೊಡಕ್ಕೆ ಯಾರಿಗೂ ಮನಸು ಬರ್ಲಿಲ್ಲ. ಒಳಗೆ ಮಂಚ, ಸಣ್ಣ ಅಡುಗೆಕಟ್ಟೆ ಮಾಡಿ ಬೇಸಿಗೆ ರಜಾಕ್ಕೆ ಓಡಾಡಣ ಅಂತ ಹೆಂಡ್ತಿ, ಇಬ್ರು ಮಕ್ಳು, ಅವ್ವ ಎಲ್ರೂ ಹಟ ಹಿಡಿದಾರೆ. ಪ್ಲೈವುಡ್ ತರಕ್ಕೆ ಹೊರಟಿದ್ದೆ, ಅದಕ್ಕಿಂತ ಮುಂಚೆ ಒಂದ್ಸಲ ಕೇಳಣ ಅನಿಸ್ತು. ಎಲ್ಲಿಂದ ಶುರು ಮಾಡ್ಲಿ?

ಚಿತ್ರದುರ್ಗದಿಂದ:

ಪ್ಲೈವುಡ್ ಈಗ್ಲೇ ತರ್ಬೇಡ ತಮ್ಮಾ. ನಾವು ಮೂರು ವರ್ಷದ ಹಿಂದೆ ಇದೇ ಮೆಟಾಡೋರ್ ಮಾಡಿದ್ವಿ, ಮೊದ್ಲು ತಂದಿದ್ದೇ ಪ್ಲೈವುಡ್, ಅದರಲ್ಲಿ ಅರ್ಧ ಕಿತ್ತು ಹಾಕಿದ್ವಿ.

ಮೊದ್ಲು ಒಳಗಿನ ಮ್ಯಾಟ್ ಪೂರ್ತಿ ಎತ್ತು. ಸ್ಕ್ರೂಡ್ರೈವರ್ ತಗಂಡು ಚಕ್ರದ ಮೇಲಿನ ತಗಡು, ಬಾಗಿಲ ಕೆಳಗಿನ ಅಂಚು, ಮೆಟ್ಲು, ಕಿಟಕಿ ರಬ್ಬರ್ ಬೀಡಿಂಗ್ ಕೆಳಗೆ ಒತ್ತಿ ಒತ್ತಿ ನೋಡು, ತುದಿ ಒಳಗೆ ಇಳೀತು ಅಂದ್ರೆ ಅಲ್ಲಿ ತಗಡು ತಿಂದೋಗೈತೆ ಅಂತ. ನಮ್ದಕ್ಕೆ ಒಂದು ಶೆಡ್‌ನಲ್ಲಿ ತುಕ್ಕಿನ ಮೇಲೇ ಪುಟ್ಟಿ ಬಳಿದು ನುಣ್ಣಗೆ ಪೇಂಟ್ ಹೊಡ್ದು ಕೊಟ್ಟಿದ್ರು, ಮೊದಲ್ನೇ ಮಳೆಗೇ ಪುಟ್ಟಿ ಹಪ್ಪಳದಂಗೆ ಎದ್ದು ಬಂತು, ಅಷ್ಟೊತ್ತಿಗೆ ಮೇಲೆ ಮಂಚ ಕೂರಿಸಿ ಆಗಿತ್ತು. ಮತ್ತೆ ಎಲ್ಲ ಬಿಚ್ಚಿ, ಕೊಳೆತ ತಗಡು ಕತ್ತರಿಸಿ, ಹೊಸ ತುಂಡು ವೆಲ್ಡ್ ಮಾಡ್ಸಿ, ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಹೊಡ್ಸಿದ್ವಿ. ಆ ಕೆಲ್ಸ ನಡೆಯೋವಾಗ ನೀನೇ ಹತ್ರ ನಿಂತ್ಕೋ.

ಇಂಜಿನ್ ಬಗ್ಗೆ ಅಷ್ಟು ಹೆದರ್ಬೇಡ. ನಿನ್ನ ವರ್ಷದ ಗಾಡಿಲಿ ಮರ್ಸಿಡಿಸ್‌ನ ಓಎಂ616 ಅನ್ನೋ ಡೀಸೆಲ್ ಇಂಜಿನ್ ಇರ್ಬೇಕು, ಟೆಂಪೋ ಟ್ರ್ಯಾಕ್ಸ್‌ಗೂ ಬಂದಿದ್ದು ಅದೇ, ಹಳೇ ಮೆಕ್ಯಾನಿಕ್‌ಗಳಿಗೆ ಅದರಲ್ಲಿ ಕೈ ಪಳಗೈತೆ. ಮೆಟಾಡೋರ್ ಮಾಡ್ತಿದ್ದ ಬಜಾಜ್ ಟೆಂಪೋ ಕಂಪನಿ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯ್ತು, ಬಿಡಿಭಾಗ ಹುಡುಕೋವಾಗ ಎರಡೂ ಹೆಸರಲ್ಲಿ ಕೇಳು. ಮೆಟಾಡೋರ್‌ನಲ್ಲಿ ಎಳೆಯೋದು ಮುಂದಿನ ಚಕ್ರ, ಹಂಗಾಗಿ ಭಾರನೆಲ್ಲ ಹಿಂದಿನ ಬಾಗಿಲ ಹತ್ರ ತುಂಬಿದ್ರೆ ಏರಲ್ಲಿ ಮುಂದಿನ ಟೈರ್‌ಗೆ ಹಿಡಿತ ಸಿಗಲ್ಲ. ನೀರು ಒಂದು ಲೀಟರ್‌ಗೆ ಒಂದು ಕೆಜಿ, ಮೂರು 20 ಲೀಟರ್ ಕ್ಯಾನ್ ಅಂದ್ರೆ ಒಬ್ಬ ಆಳಿನ ಭಾರ. ನಾವು ಕ್ಯಾನ್‌ಗಳ್ನ ಡ್ರೈವರ್ ಸೀಟಿನ ಹಿಂದೆ ನೆಲಕ್ಕೇ ಬೆಲ್ಟ್ ಹಾಕಿ ಬಿಗಿದೀವಿ.

ಇನ್ನು ಕಾಗದಪತ್ರ. ಖಾಸಗಿ ಗಾಡಿ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂ. ದೊಡ್ಡಪ್ಪಾರ ಹೆಸರಲ್ಲೇ ಇದ್ರೆ ಮೊದ್ಲು ವಾರಸುದಾರರ ಹೆಸರಿಗೆ ಮಾಡ್ಸು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಆರ್‌ಸಿಲಿ ಇರೋ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಂಗೆ ಗಾಡಿ ಬದಲಾಯಿಸಂಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳೈತೆ. ಅದಕ್ಕೇ ನಾವು ಟಾಪ್ ಎತ್ತರಿಸ್ಲಿಲ್ಲ, ಹೊಸ ಕಿಟಕಿ ಕೊರೀಲಿಲ್ಲ. ಸೀಟು ಕಿತ್ತಾಕೋಕೆ ಮುಂಚೆ ಆರ್‌ಟಿಓ ಆಫೀಸಿಗೆ ಹೋಗಿ ಬರ್ದು ಕೊಟ್ಟು ಕೇಳು, ಬಾಯಿಮಾತು ನಂಬ್ಕೋಬೇಡ. ಹಳೇದಲ್ವಾ, ವಿಂಟೇಜ್ ಅಂತ ಮಾಡಿಸ್ಬಹುದು ಅಂತ ಯಾರಾದ್ರೂ ಹೇಳಿದ್ರೆ, 2021ರ ನಿಯಮದಲ್ಲಿ ಅದಕ್ಕೆ 50 ವರ್ಷ ದಾಟಿರ್ಬೇಕು, ಮೂಲ ರೂಪದಲ್ಲೇ ಇರ್ಬೇಕು. ನಿನ್ನ ಗಾಡಿಗೆ ಆ ದಾರಿ ಇಲ್ಲ.

ಇದೆಲ್ಲ ಆದ್ಮೇಲೂ ಪ್ಲೈವುಡ್ ಬೇಡ! ಖಾಲಿ ಗಾಡಿಲಿ ಹಾಸಿಗೆ ಹಾಕ್ಕಂಡು ಎಲ್ರೂ ಒಂದು ರಾತ್ರಿ ಮಲಗ್ರಿ. ನಾವು ಹೊಳಲ್ಕೆರೆ ಹತ್ರ ನೆಂಟರ ಅಡಿಕೆ ತೋಟದಲ್ಲಿ ನಿಲ್ಸಿ ಮಲಗಿದ್ವಿ. ಮಗಳು ಚಾಕ್‌ಪೀಸ್ ತಗಂಡು ನೆಲದ ಮೇಲೆ ಯಾರು ಎಲ್ಲಿ ಮಲಗಿದ್ರು, ಕಾಲು ಎಲ್ಲಿಗೆ ಬಂತು, ನೀರಿನ ಕ್ಯಾನ್ ಎಲ್ಲಿ ಅಡ್ಡ ಆಯ್ತು ಅಂತ ಗೆರೆ ಎಳೆದ್ಲು. ನಮ್ಮವ್ವ ರಾತ್ರಿ ಎರಡು ಸಲ ಕೆಳಗಿಳಿದ್ರು, ಎರಡು ಸಲನೂ ಬಾಗಿಲ ಅಂಚು ಹಿಡ್ಕಂಡು ಕತ್ತಲಲ್ಲಿ ಕಾಲಿನಿಂದ ನೆಲ ತಡಕಾಡಿದ್ದು ನೋಡಿ ನನಗೆ ಹೊಟ್ಟೆ ಚುರುಕ್ ಅಂತು. ಮಾರನೇ ದಿನ ಮೊದ್ಲು ಮಾಡಿದ್ದೇ ಒಂದು ಮೆಟ್ಲು, ಒಂದು ಹಿಡಿಕೆ, ಮೆಟ್ಲ ಹತ್ರ ಒಂದು ಸಣ್ಣ ಲೈಟು. ಮಂಚನೂ ಅವ್ವ ಕೂತ್ರೆ ಪಾದ ನೆಲಕ್ಕೆ ತಾಗೋ ಎತ್ತರಕ್ಕೇ ಮಾಡ್ಸಿದ್ವಿ.

ಇನ್ನೊಬ್ರು, ದಾವಣಗೆರೆಯಿಂದ (ವೈರಿಂಗ್ ಕೆಲ್ಸ ನಮ್ದು):

ಗಾಡಿ ಬ್ಯಾಟರಿಯಿಂದ ಫ್ಯಾನು ಫ್ರಿಜ್ಜು ಎಳೀಬೇಡ್ರಿ, ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಬೇರೆ ಬ್ಯಾಟರಿ ಹಾಕ್ರಿ. ಲೆಕ್ಕ ಹೇಳ್ತೀನಿ, 45 ವ್ಯಾಟ್‌ನ ಸಣ್ಣ ಫ್ರಿಜ್ ದಿನದಲ್ಲಿ ಅರ್ಧ ಹೊತ್ತು, ಅಂದ್ರೆ 12 ತಾಸು ಓಡಿದ್ರೆ 540 ವ್ಯಾಟ್ ಅವರ್ (ವ್ಯಾಟ್‌ನ ತಾಸಿಂದ ಗುಣಿಸಿದ್ದು), 20 ವ್ಯಾಟ್‌ನ ಎರಡು ಫ್ಯಾನ್ ಎಂಟು ತಾಸಿಗೆ 320, ಲೈಟಿಗೆ 80, ಒಟ್ಟು 940. 12.8 ವೋಲ್ಟ್, 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿಲಿ ಎರಡ್ನೂ ಗುಣಿಸಿದ್ರೆ 1280 ವ್ಯಾಟ್ ಅವರ್ ಇರುತ್ತೆ, ಒಂದು ದಿನಕ್ಕೆ ಸಾಕು. ಬ್ಯಾಟರಿ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಇರ್ಲೇಬೇಕು, ಇದೊಂದು ಮಾತ್ರ ದಯವಿಟ್ಟು ಬಿಡಬೇಡ್ರಿ, ತಗಡಿಗೆ ವೈರ್ ಉಜ್ಜಿದ್ರೆ ಬೆಂಕಿನೇ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲಿ ನಿಲ್ಲುತ್ತೆ, ಮೇಲಿನ ಕಿಟಕಿ ತೆಗೆದಿದ್ರೂ ಹೋಗಲ್ಲ. ನನ್ನ ಕೇಳಿದ್ರೆ ಅಡುಗೆ ಹೊರಗೆ ಮಾಡ್ರಿ.

ಹೊಸದುರ್ಗದಿಂದ:

ನಮ್ದು ಓಮ್ನಿ, ಸಣ್ಣದು. ಏಪ್ರಿಲ್ ಬಿಸಿಲಿಗೆ ಟಾಪ್ ಮುಟ್ಟಕ್ಕಾಗಲ್ಲ, ಒಳಗಡೆಯಿಂದ ಬಿಸಿ ತಡೆಯೋ ನೈಟ್ರೈಲ್ ರಬ್ಬರ್ ಶೀಟ್ ಅಂಟಿಸಿದ್ಮೇಲೆ ಪರವಾಗಿಲ್ಲ ಅನ್ನಂಗಾತು. ಫೋಮ್ ಹಾಸಿಗೆ ಬೆವರು ಬರ್ಸುತ್ತೆ ಅಂತ ನಮ್ಮತ್ತೆ ಹಳೇ ಕಾಟನ್ ಸೀರೆ ಸೇರ್ಸಿ ಗಾಡಿ ಅಳತೆಗೇ ಕೌದಿ ಹೊಲಿದು ಕೊಟ್ರು, ಮಕ್ಳು ಈಗ ಮನೇಲೂ ಅದನ್ನೇ ಹೊದ್ಕಂಡು ಮಲಗ್ತಾರೆ.

ಕೇಳಿದವ್ರು:

ಎಲ್ರಿಗೂ ಭಾಳ ಉಪಕಾರ ಆತು. ಇವತ್ತು ಮ್ಯಾಟ್ ಎತ್ತಿದ್ವಿ, ಎಡಗಡೆ ಹಿಂದಿನ ಚಕ್ರದ ಮೇಲೆ ಸ್ಕ್ರೂಡ್ರೈವರ್ ಎರಡು ಕಡೆ ಇಳೀತು. ಮಗ ಅಲ್ಲಿ ಚಾಕ್‌ಪೀಸಲ್ಲಿ ಸುತ್ತು ಹಾಕಿದಾನೆ. ಮ್ಯಾಟ್ ಕೆಳಗೆ ದೊಡ್ಡಪ್ಪಾರದ್ದು ಒಂದು ಹಳೇ ಎಂಟಾಣೆ ಸಿಕ್ತು. ಕೌದಿ ವಿಷ್ಯ ಓದಿ ಹೇಳಿದ್ದಕ್ಕೆ ಅವ್ವ ಆಗ್ಲೇ ಟ್ರಂಕ್ ತೆಗೆದು ಸೀರೆ ಆರಿಸ್ತಾ ಕೂತಾಳೆ.